ಹಂಗೇರಿ

ಶಿಫ್ಟಿನ ಸೈರನ್ ನಿಲ್ಲುವ ಮೊದಲೇ
ಆರೋಗ್ಯಸ್ವಾಮಿ ಬೂಟು ಕಟ್ಟಿರುತ್ತಿದ್ದ.
ಸ್ಟೋರ್ಸ್ ಗುಮಾಸ್ತ ಇಟ್ಟ ಹೆಸರು: ಹಂಗೇರಿ.
ಕೆಂಗೇರಿಯಿಂದಾಚೆಗಿನ ಊರೆಂದೇ
ಬಹುಕಾಲ ನಂಬಿದ್ದ.

ಹದಿನಾರು ವರ್ಷ ನಡುಮೈದಾನ.
ಗೋಲುಗಳು ನನ್ನವು,
ಪೇಪರಿನಲ್ಲಿ ಇನಿಷಿಯಲ್ ಸಮೇತ.
ಅವನು ತಲೆ ಎತ್ತಿ ಒಮ್ಮೆ ನೋಡಿದರೆ
ನಾನಿನ್ನೂ ಓಡಿರದ ಜಾಗದಲ್ಲಿ
ಚೆಂಡು ಹೋಗಿ ಕಾದಿರುತ್ತಿತ್ತು.

ಶಿವಮೊಗ್ಗದ ಫೈನಲಿನಲ್ಲಿ ಮಂಡಿ ಹೋಯಿತು.
ಸದ್ದು ನನಗೂ ಕೇಳಿತ್ತು.
ಆಮೇಲೆ ಟೋಕನ್ ಕೌಂಟರಿನ ಸ್ಟೂಲು.

ಈಗ ಭದ್ರಾವತಿಯ ಕುಲುಮೆ ತಣ್ಣಗಿದೆ,
ಪೆನಾಲ್ಟಿ ಜಾಗದಲ್ಲಿ ಪಾರ್ಥೇನಿಯಂ.

ನಿನ್ನೆ ಹಳೇ ಸೇತುವೆಯ ಬಳಿ ಸಿಕ್ಕ.
ರಸ್ತೆ ದಾಟಲಾಗದೆ ನಿಂತಿದ್ದೆ.
ಲಾರಿ, ಆಟೋ, ಮತ್ತೊಂದು ಲಾರಿ.
ತಲೆ ಎತ್ತಿ ನೋಡಿದ.
"ಈಗ ಓಡು" ಎಂದ.

ಅರವತ್ತೆಂಟರ ಕಾಲು.
ಓಡಿದೆ.