ಕಾವು

ಕೋಳಿಯನ್ನು ಕಾವಿಗೆ ಕೂರಿಸುವುದು ನಮ್ಮಲ್ಲಿ ಮೇದಪ್ಪನ ಕೆಲಸ.
ಒಂಬತ್ತು, ಹನ್ನೊಂದು, ಹದಿಮೂರು. ಬೆಸ ಲೆಕ್ಕವೇ ಆಗಬೇಕು.
ಒಂದೊಂದನ್ನೂ ಚಿಮಣಿ ಬೆಳಕಿಗೆ ಹಿಡಿದು,
ಕಿವಿಯ ಹತ್ತಿರ ತಂದು,
ಒಳಗೆ ಯಾರೋ ಇದ್ದಾರೆನ್ನುವ ಹಾಗೆ ಸುಮ್ಮನಾಗಿ,
ಆಮೇಲೆ ಎರಡೂ ಕೈಯಲ್ಲಿ
ಬುಟ್ಟಿಗೆ ಇಳಿಸುತ್ತಿದ್ದ.
ಗುಡುಗಿಗೆ ಕೆಡದಿರಲೆಂದು
ಹುಲ್ಲಿನಡಿ ಒಂದು ತುಂಡು ಕಬ್ಬಿಣ, ಒಂದು ಇದ್ದಿಲು.

ಆ ಕೈ ನೋಡಿಯೇ ಇರಬೇಕು
ಸೈನ್ಯ ಅವನನ್ನು ಮೈನು ಹೂಳುವವರ ಜೊತೆ ಸೇರಿಸಿದ್ದು.
ಎಪ್ಪತ್ತೊಂದರ ನವೆಂಬರಿನಲ್ಲಿ ಬರೆದಿದ್ದ:
'ಅಕ್ಕ, ಇಲ್ಲಿ ಗೋಧಿ ಹೊಲ. ನಮ್ಮ ಗದ್ದೆಯಂತೆ ಮೆಟ್ಟಿಲಿಲ್ಲ,
ಕಣ್ಣು ಹೋದಷ್ಟು ದೂರ ಒಂದೇ ಮಟ್ಟ.
ಇವತ್ತು ಅರವತ್ತೊಂದು ಇಟ್ಟೆವು. ಎಲ್ಲ ಮಲಗಿವೆ.
ಇಲ್ಲಿಯ ಲೆಕ್ಕದಲ್ಲಿ
ಒಡೆಯದೆ ಉಳಿದದ್ದೇ ಒಳ್ಳೆಯ ಮೊಟ್ಟೆ.
ಬೆಳಿಗ್ಗೆ ಚಳಿಗೆ ಬೆರಳು ಮಾತು ಕೇಳುವುದಿಲ್ಲ.
ಕೈಗವಸು ಕಳಿಸಬೇಡ, ಹಾಕಿಕೊಂಡರೆ
ಪಿನ್ನು ಹಿಡಿತಕ್ಕೆ ಸಿಗುವುದಿಲ್ಲ.'

ಆಗಲೇ ಒಂದು ಕೈಯದು ಹೆಣೆದು ಮುಗಿಸಿದ್ದೆ. ಕೆಂಪು ಉಣ್ಣೆ.

ಪುತ್ತರಿಯ ರಾತ್ರಿ, ಹುಣ್ಣಿಮೆ.
ಗದ್ದೆಯಲ್ಲಿ ಅಪ್ಪ ಆಕಾಶಕ್ಕೆ ಗುಂಡು ಹಾರಿಸಿದರು,
ಕದಿರು ಕೊಯ್ದು, ಪೊಲಿ ಪೊಲಿ ಎಂದು ಕೂಗುತ್ತ ಬಂದೆವು.
ಮರುದಿನ ರಾತ್ರಿ ರೇಡಿಯೋದಲ್ಲಿ ಯುದ್ಧ.
ಕದಿರಿನ ಜೊತೆ ಬಾಗಿಲಿಗೆ ಕಟ್ಟಿದ ಎಲೆ
ಒಣಗುವ ಮೊದಲೇ
ನಾಪೋಕ್ಲಿನಿಂದ ತಂತಿಯವನು
ಏರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಬಂದ.

ಶತ್ರುವಿನ ಗುಂಡಲ್ಲ.
ಬೆಳಗಿನ ಜಾವ, ಮಂಜು, ಕೈಯಲ್ಲಿದ್ದದ್ದೇ ಸಿಡಿಯಿತಂತೆ.
ಅಷ್ಟೇ ಗೊತ್ತು.
ಅದು ಎಷ್ಟನೆಯದೆಂದು ಯಾರೂ ಬರೆಯಲಿಲ್ಲ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು, ಊರಿಗೆ ತಿಳಿಯಲೆಂದು.
ಅಪ್ಪ ಗೋಡೆಯ ಕೋವಿ ಇಳಿಸಿ
ಎರಡು ತೋಟೆ ತುಂಬಿ ಅಂಗಳಕ್ಕೆ ಹೋದರು.
ಅವ್ವ ನಳಿಗೆಯ ಬಾಯಿಗೆ ಅಂಗೈ ಇಟ್ಟಳು.
'ಸದ್ದು ಸಾಕು ಅವನಿಗೆ' ಎಂದಳು.
ಬೇರೇನೂ ಹೇಳಲಿಲ್ಲ, ಆ ದಿನವೂ, ಆಮೇಲೂ.

ಹಾಗಾಗಿ ಹೊಳೆಯಾಚೆಯವರು
ತಿಂಗಳು ಕಳೆದರೂ ಸಂತೆಯಲ್ಲಿ ಕೇಳುತ್ತಿದ್ದರು:
ಮೇದಪ್ಪನಿಗೆ ರಜೆ ಯಾವಾಗ?

ಆ ಎರಡು ತೋಟೆ ಬಿಸ್ಕತ್ತಿನ ಡಬ್ಬಿಯಲ್ಲಿವೆ,
ಹಿತ್ತಾಳೆಗೆ ಪಾಚಿಬಣ್ಣ ಹಿಡಿದು.
ಅಪ್ಪ ಹೋದಾಗಲೂ ಅವನ್ನು ಮುಟ್ಟಲಿಲ್ಲ,
ಬೇರೆ ತರಿಸಿದೆವು.
ನಿನ್ನೆ ಕಿರಿಯ ತಮ್ಮನ ಮೊಮ್ಮಗ ಹುಡುಕಿ ತೆಗೆದು
ಕಿವಿಯ ಹತ್ತಿರ ಕುಲುಕುತ್ತ ಬಂದ.
'ಅಜ್ಜೀ, ಇದು ಇನ್ನೂ ಸಿಡಿಯುತ್ತಾ?'

ಕೊಡು ಮಗೂ, ಎಂದೆ.
ಹಾಗಲ್ಲ.
ಎರಡೂ ಕೈಯಲ್ಲಿ.