ನಲವತ್ತೆಂಟು ಪಾಯಿಂಟ್ ಒಂಬತ್ತು

ಮನಾಮದ ಸಭಾಂಗಣದ ನೆತ್ತಿಯ ಮೇಲೊಂದು ತಗಡಿನ ಕೋಣೆ.
ಅದರೊಳಗೆ ನಾನು, ಮೂರು ಬ್ಲೋವರು,
ಒಂದು ಸ್ಟೂಲು, ಲಾಗ್ ಪುಸ್ತಕ.
ಕೆಳಗೆ ನಾಲ್ವರು ಕೂತು ತಂತಿ ಬಿಗಿಯುತ್ತಾರೆ.
ಗಾಳಿ ಇಳಿಯುವ ದಾರಿಯಲ್ಲೇ ಸದ್ದು ಏರಿ ಬರುತ್ತದೆ.
ಟಿಕೇಟಿಲ್ಲ ಅದಕ್ಕೆ. ನನಗೂ.

ದೂರು ಬಂದದ್ದು ಸೋಮವಾರ.
ಫೋನಿನಲ್ಲಿ ಸೆಲ್ವನಾಯಗಂ ಸಾರ್:
'ಆ ಚೆಲ್ಲೋದ ಹೆಂಗಸಿಗೆ ಮೇಲಿಂದ ಏನೋ ಗುಂಯ್ ಅಂತದಂತೆ,
ತಂತಿಗೆ ಅಡ್ಡ ಬರ್ತದಂತೆ. ಗ್ರೀಸು ಹಾಕು.'
ಹಾಕಿದೆ. ಗ್ರೀಸಿಗೇನು ಗೊತ್ತು.

ಗಂಗೊಳ್ಳಿಯಲ್ಲಿ ಅಪ್ಪ ದೋಣಿಯ ಇಂಜಿನಿಗೆ
ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು
ಕಣ್ಣು ಮುಚ್ಚುತ್ತಿದ್ದ.
'ಎರಡನೇ ಬೇರಿಂಗು ಅಳ್ತಾ ಉಂಟು' ಅನ್ನುತ್ತಿದ್ದ;
ಬಿಚ್ಚಿದರೆ ಎರಡನೆಯದೇ.
ನಾನೂ ಡಕ್ಟಿನ ತಗಡಿಗೆ ಹಾಗೇ ಕಿವಿಗೊಟ್ಟು
ಆ ನಾಲ್ವರನ್ನು ಬಿಚ್ಚತೊಡಗಿದೆ.

ಮೊದಲನೇ ವಯಲಿನು ಎಲ್ಲರಿಗೂ ಕೇಳುತ್ತದೆ, ಬಿಡಿ.
ಎರಡನೆಯವನದು ಕಷ್ಟದ ಕೆಲಸ:
ಒಂದೇ ಮಾತನ್ನು ಹದಿನಾರು ಸಲ ಹೇಳಿ
ಹದಿನೇಳನೆಯ ಸಲ ಅರ್ಧ ಮೆಟ್ಟಿಲು ಇಳಿಯುತ್ತಾನೆ, ಅಷ್ಟೇ,
ಮೇಲಿನ ರಾಗ ಬೇರೆ ಊರಿಗೆ ಹೊರಟುಹೋಗುತ್ತದೆ.
ಹಳಿ ಬದಲಿಸಿದವನ ಮುಖ ಯಾರು ನೋಡಿದ್ದಾರೆ?
ವಿಯೋಲ ಇತ್ತೆಂದು ತಿಳಿಯುವುದು ಅದು ನಿಂತಾಗ,
ಕರೆಂಟು ಹೋದ ಮೇಲೆ ಫ್ರಿಜ್ಜಿನ ಸದ್ದು ನೆನಪಾದ ಹಾಗೆ.
ಚೆಲ್ಲೋದವಳು ಮಾತ್ರ ನನ್ನ ಮೋಟರಿನ ನೆರೆಮನೆ.

ಅವಳು ಮೂರನೇ ತಂತಿಯನ್ನು ಬೆರಳಿಡದೆ ಎಳೆದಾಗ
ಎರಡು ಸದ್ದಿನ ನಡುವೆ ಮೂರನೆಯದೊಂದು ಹುಟ್ಟುತ್ತದೆ:
ವ್ವಾ ವ್ವಾ ವ್ವಾ ವ್ವಾ
ಅವಳದಲ್ಲ, ನನ್ನದೂ ಅಲ್ಲ.
ಗಡಿಯಾರ ಹಿಡಿದು ಎಣಿಸಿದೆ, ಹತ್ತು ಸೆಕೆಂಡಿಗೆ ಇಪ್ಪತ್ತೆರಡು.
ಅಂಗೈಯಲ್ಲಿ ಲೆಕ್ಕ ಬರೆದೆ:
ಐವತ್ತು ಉಂಡು ನೂರು ಗುನುಗುತ್ತದೆ ಮೋಟರು,
ಅವಳ ತಂತಿ ತೊಂಬತ್ತೇಳು ಪಾಯಿಂಟ್ ಎಂಟು.
ತಗ್ಗಲು ಬರುವವರು ತಗ್ಗಬೇಕು.
ಡ್ರೈವಿನ ಗುಂಡಿ ಒತ್ತಿದೆ. ನಲವತ್ತೊಂಬತ್ತೂವರೆ.
ನಲವತ್ತೊಂಬತ್ತು.
ವ್ವಾ          ವ್ವಾ
                         ವ್ವಾ
ನಲವತ್ತೆಂಟು ಪಾಯಿಂಟ್ ಒಂಬತ್ತು.

ಕೆಳಗೆ ಕಮಾನು ನಿಂತಿತು. ಮತ್ತೆ ಎಳೆಯಿತು.
ಎಂಟುನೂರು ಕುರ್ಚಿಗಳ ಗಾಳಿಯೆಲ್ಲ
ಅವಳ ಮರದ ಹೊಟ್ಟೆಯೊಳಗೆ ಹೋಗಿ ಕೂತಿತ್ತು.

ಗುರುವಾರ ಕಛೇರಿ. ಹೊರಗೆ ರಾತ್ರಿಯೂ ಮೂವತ್ತಾರು ಡಿಗ್ರಿ.
ಮೊದಲ ಭಾಗದಲ್ಲಿ ನಾನು ಐದನೆಯವನಾಗಿದ್ದೆ,
ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು.
ನಿಧಾನದ ಭಾಗದಲ್ಲಿ
ಎರಡನೆಯವನು ಆ ಅರ್ಧ ಮೆಟ್ಟಿಲು ಇಳಿದ.
ನಾಲ್ವರೂ ಬೇರೊಂದು ಶ್ರುತಿಯ ಮನೆಯೊಳಗೆ ಹೋದರು,
ನನ್ನ ಮೋಟರು ಹೊಸ್ತಿಲಲ್ಲೇ ಉಳಿಯಿತು.
ಅದೇ ನಲವತ್ತೆಂಟು ಪಾಯಿಂಟ್ ಒಂಬತ್ತು.
ಸರಿಯಾದದ್ದು ನಿಂತ ನಿಲುವಿನಲ್ಲೇ ತಪ್ಪಾಗುವುದನ್ನು
ಅಂದು ಕಿವಿಯಾರೆ ಕೇಳಿದೆ.
ಗುಂಡಿಯ ಮೇಲೆ ಬೆರಳಿತ್ತು. ಎಲ್ಲಿಗೆಂದು ಒತ್ತಲಿ?
ಅವರು ತಿರುಗಿ ಬರಲು ಐವತ್ತೊಂದು ಆವರ್ತ ಹಿಡಿಯಿತು,
ಅಷ್ಟು ಹೊತ್ತೂ ಬೆವರಿದೆ,
ಊರಿಗೆಲ್ಲ ತಂಪು ಕಳಿಸುವ ಕೋಣೆಯಲ್ಲಿ.

ಲಾಗ್ ಪುಸ್ತಕದಲ್ಲಿ ಬರೆದೆ: ವೇಗ ಇಳಿಸಿದ ಕಾರಣ, ವಿದ್ಯುತ್ ಉಳಿತಾಯ.
ಸೆಲ್ವನಾಯಗಂ ಸಾರ್ ಟಿಕ್ ಹಾಕಿದರು.

ಸಲ್ಮಾಬಾದಿನ ಕ್ಯಾಂಪು, ರಾತ್ರಿ ಒಂದೂವರೆ.
ಮೇಲಿನ ಮಂಚದಲ್ಲಿ ಶೊಫಿಕುಲ್ ಗೊರಕೆ.
ಕಿಟಕಿಯ ಎಸಿಗೆ ಡ್ರೈವಿಲ್ಲ, ಅದು ಐವತ್ತನ್ನೇ ಉಣ್ಣುತ್ತದೆ,
ಪಕ್ಕದ ಕೋಣೆಯದ್ದೂ, ಅದರಾಚೆಯದ್ದೂ,
ಬೀದಿಯ ಟ್ರಾನ್ಸ್‌ಫಾರ್ಮರೂ;
ದ್ವೀಪಕ್ಕೆ ದ್ವೀಪವೇ ಆ ಹೆಂಗಸಿನ ತಂತಿಗಿಂತ
ಕೂದಲೆಳೆಯಷ್ಟು ಮೇಲೆ ಗುನುಗುತ್ತಿದೆ.
ಗಂಟಲಲ್ಲೇ ನಾನೊಂದು ಸ್ವರ ಹಿಡಿಯುತ್ತೇನೆ.
ಸೇರಿಸಲು ಬರುತ್ತದೆ ನನಗೆ. ಸೇರಿಸುವುದಿಲ್ಲ,
ಚೂರು ಕೆಳಗಿಡುತ್ತೇನೆ. ಆಗ
ಸೆಕೆಂಡಿಗೆ ಎರಡರಂತೆ
ಬರುತ್ತದೆ ಅದು, ಕತ್ತಲಲ್ಲಿ,
ಕೋಣೆಯಲ್ಲಿ ಮೂರನೆಯವರು ಯಾರೋ ಇದ್ದ ಹಾಗೆ.