ಮಗ್ಗ ನಿಂತ ಹೊತ್ತು

ಬನಹಟ್ಟಿಯ ಕೂಸುಗಳಿಗೆ ಜೋಗುಳ ಬೇಕಾಗಿಲ್ಲ.
ಪಡಸಾಲಿಯ ಆಚಿ ಕಡೆ ನಾಕು ಮಗ್ಗ
ಖಟಲ್ ಖಟಲ್ ಅಂತಿದ್ದರ ಸಾಕು,
ತೊಟ್ಟಲಾ ತಾನ ನಿದ್ದಿ ಹೋಗತೈತಿ.
ಅಥಣಿಗೆ, ತವರಮನಿಗೆ ಹೋದಾಗ
ಅಲ್ಲಿಯ ಸುಮ್ಮನಿರೋಣಕ್ಕ ಬೆಚ್ಚಿ
ಬೆಳತನಕ ಅತ್ತಿತ್ತು ನನ್ನ ಸಣ್ಣದು.
ಕಡೀಕ ನಾನ ಎದ್ದು
ಬರೇ ಒಳ್ಳಿನಾಗ ಒನಕಿ ಹಾಕಿ
ಏನೂ ಇಲ್ಲದ್ದನ್ನ ಕುಟ್ಟಿಕೋತ ಕುಂತಿದ್ದೆ.

ಮೂರು ನನಗ.
ಸನ್ನಿಧಿ ಎರಡನೇತ್ತಾ, ಮುಂದಿನ ಎರಡು ಹಲ್ಲು ಬಿದ್ದಾವ.
ಓಂಕಾರಗ ಕೂದಲಾ ಕಣ್ಣಿಗೆ ಬಂದಾವ,
ಮೂರು ವಾರಾತು, ಕಟಿಂಗ್ ಮಾಡಿಸಾಕ ಯಾರಿಗೂ ಹೊತ್ತಿಲ್ಲ.
ಸಣ್ಣದರ ಬಾಯಾಗ ಈಗ ಹಲ್ಲು ಮೂಡಾಕತ್ತಾವ,
ನನ್ನ ಮೈಮ್ಯಾಲ ಅದರ ಲೆಕ್ಕ ಐತಿ.

ಒಂದು ಮುಂಜಾನೆ ‘ಅವ್ವಾ’ ಅನ್ನೂದನ್ನ ಎಣಿಸಿದೆ.
ಎಂಟು ಹೊಡಿಯೂದರೊಳಗ ನಲವತ್ತೊಂದು.
ಮುಂದ ಎಣಿಸಲಿಲ್ಲ. ರೊಟ್ಟಿ ಹೊತ್ತಿತ್ತು.

ಗುರಬಸು ಕೆಟ್ಟವಲ್ಲ.
ಕೂಸು ನಕ್ಕರ ಎತ್ತಿಕೊಳ್ತಾನ,
ಒದ್ದಿ ಆದರ ತಂದು ಕೊಡತಾನ,
ನನ್ನ ವಸ್ತು ನನಗ ಮುಟ್ಟಿಸಿದಂಗ.

ದೀಪಾವಳಿ ಮುಂದ, ಮಡಚಿಟ್ಟ ಸೀರಿಗಳ ಮ್ಯಾಲ
ಚಹಾ ಚಲ್ಲಿದ್ದು ಓಂಕಾರ.
ಹೊಡತಾ ಬಿದ್ದದ್ದು ಸನ್ನಿಧಿಗೆ.
ಹತ್ತಿರ ಇದ್ದಾಕಿ ಅಕಿ, ಅಷ್ಟ.
ನನ್ನ ನಾಕು ಬೆರಳು ಅಕಿ ಗಲ್ಲದ ಮ್ಯಾಲ
ಸೀರಿಯ ಅಂಚಿನ ಗೆರಿ ಮೂಡಿದಂಗ ಮೂಡಿದ್ದವು.
ಅಕಿ ಅಳಲಿಲ್ಲ. ಅದು ನನಗ ಕಣ್ಣಾಗಿಂದ ಹೋಗವಲ್ಲದು.

ಅವತ್ತ ಕಂಡಕಿ ಬುಟ್ಟಿ ತರತೀನಿ ಅಂತ ಮಗ್ಗದ ಮನಿಗೆ ಹೋದೆ.
ಮೂರನೇ ಮಗ್ಗಕ್ಕೂ ಗ್ವಾಡಿಗೂ ನಡುವ
ಒಂದಾಳು ಅಡ್ಡಾಗಿ ನಿಲ್ಲುವಷ್ಟು ಜಾಗಾ.
ಅಲ್ಲಿ ನಿಂತು ಒದರಿದೆ.
ಬೈಗಳಲ್ಲ, ದೇವರ ಹೆಸರಲ್ಲ, ಬರೇ ‘ಆ’.
ಮಗ್ಗ ಅದನ್ನ ನುಂಗಿ ನೇಯ್ಕೋತ ಹೋದವು.
ಎರಡು ಮಾರು ದೂರದಾಗ ಗುರಬಸು
ಹರಿದ ಎಳಿಗೆ ಗಂಟು ಹಾಕಾಕತ್ತಿದ್ದ, ತಲಿ ಎತ್ತಲಿಲ್ಲ.
ಸೆರಗಿಲೆ ಮಾರಿ ಒರಸಿಕೊಂಡು, ಬುಟ್ಟಿ ಎತ್ತಿ,
ಬಂದು ಬ್ಯಾಳಿಗೆ ಒಗ್ಗರಣಿ ಕೊಟ್ಟೆ.
ಆಮ್ಯಾಲ ಅದು ದಿನದ ಕೆಲಸಾತು,
ಹಲ್ಲು ತಿಕ್ಕಿದಂಗ.

ಮೊನ್ನೆ ಮಂಗಳವಾರ
ಅರ್ಧ ಹೊರಗ, ಅರ್ಧ ಇನ್ನೂ ಎದಿಯಾಗ ಇದ್ದಾಗ
ಕರೆಂಟು ಹೋತು.
ನಮ್ಮ ನಾಕು, ಓಣಿಯವೆಲ್ಲಾ, ಒಮ್ಮಿಗೇ.
ಲಾಳಿ ಹಾಸಿನ ನಟ್ಟನಡುವ ನಿಂತಿತು.
ನನ್ನ ದನಿ ನಿಲ್ಲಲಿಲ್ಲ.
ಅದು ಕರೆಂಟಿನ ಮ್ಯಾಲ ನಡಿಯೂದಲ್ಲ.

ಬಾಯಿ ಮುಚ್ಚಿದಾಗ
ಪಕ್ಕದ ಮನಿಯ ನಳದ ಹನಿ ಸುದ್ದಾ ಕೇಳತಿತ್ತು.
ಬಾಗಲದಾಗ ಸನ್ನಿಧಿ, ಕೈಯಾಗ ಪೆನ್ಸಿಲ್ಲು.
ಗುರಬಸುನ ಬೆರಳಾಗ ಎಳಿ ಹಂಗ ಇತ್ತು.
ಅಷ್ಟರಾಗ ಓಣಿಯ ಕೂಸುಗಳು ಒಂದೊಂದ ಎದ್ದು
ಅಳಾಕ ಸುರು ಮಾಡಿದವು.
ಮಗ್ಗ ನಿಂತದ್ದಕ್ಕ ಎದ್ದಿದ್ದವು ಅವು, ಗೊತ್ತೈತಿ.
ಆದರೂ ಇಡೀ ಓಣಿ ನನಗ ‘ಓ’ ಅಂದಂಗಾತು.

ಮೋಟ ಗ್ವಾಡಿಯ ಮ್ಯಾಲಿಂದ ತಂಗೆವ್ವ ಹಣಿಕಿದಳು, ಎಪ್ಪತ್ತರಾಕಿ.
“ನಮ್ಮ ಕಾಲಕ್ಕ ಕೈಮಗ್ಗ. ಎಲ್ಲಿ ಸಪ್ಪಳ?
ಬಾವಿಗೆ ಹೋಗಿ ತಾಮ್ರದ ಕೊಡದಾಗ ಮಾರಿ ಇಟ್ಟು ಒದರತಿದ್ದೆ.
ಒಮ್ಮೆ ತಲಿ ಸಿಕ್ಕೊಂಡು ಫಜೀತಿ!
ಕೊಡಾ ಐತಿ ಇನ್ನೂ. ಬೇಕಾದರ ಒಯ್ಯಿ.”
ಕೊಡಾ ತರಲಿಲ್ಲ. ನನ್ನ ಕೂಸಿನ ಹೆಗಲಿಗೆ ಹಾಕ್ಕೊಂಡು ನಡದಳು.

ಗುರಬಸು ಕೇಳಿದ, “ದಿನಾ?”
“ದಿನಾ.”
ಎಳಿ ಕೆಳಗಿಟ್ಟ. ಚಪ್ಪಲಿ ಹುಡುಕಿದ.
ಓಂಕಾರನ ಕೈ ಹಿಡಕೊಂಡು ಕಟಿಂಗ್ ಅಂಗಡಿ ಕಡೆ ಹೋದ.
ಮತ್ತೇನೂ ಮಾತಾಡಲಿಲ್ಲ. ಸಂಜಿತನಕಾ.

ಸನ್ನಿಧಿ ಅಲ್ಲೇ ನಿಂತಿದ್ದಳು.
“ಅವ್ವಾ, ನಾನೂ ಒಮ್ಮೆ ಒದರಲೆ?”
“ಕರೆಂಟು ಬರಲಿ” ಅಂದೆ.

ಬಂತು.
ಮೂರನೇ ಮಗ್ಗದ ಹಿಂದ, ನನ್ನ ಸೆರಗು ಮುಷ್ಟ್ಯಾಗ ಹಿಡಕೊಂಡು
ಅಕಿ ಬಾಯಿ ತೆರದಳು.
ಹಲ್ಲಿಲ್ಲದ ಸಂದಿ ಕಂಡಿತು, ಕಿರಿನಾಲಗಿ ಕಂಡಿತು.
ಏನು ಒದರಿದಳೋ. ಅದರಾಗ ನಾ ಇದ್ದೆನೋ.
ಮೊಣಕಾಲೂರಿ ಅಕಿ ಸಮಕ್ಕ ಕುಂತೆ,
ಬಾಯಿ ಮುಚ್ಚೂತನಾ.